ಕಾಲು ಬೇಸಿನ ಮೇಲಿತ್ತೇ ಎಂದು ಅವಳು ಕೇಳಿದಾಗ

ಸಾಫ್ಟ್‌ಬಾಲ್ ಅಂಪೈರ್ ಆಗಲು ಹೊಸದಾಗಿ ಬಂದಿರುವ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ತರಬೇತಿ ನಡೆಸುವವರು ಫೋನ್ ಮಾಡಿ ತಿಂಗಳ ಮೇಲಾಯಿತು. ಮೊದಲ ವಾರವೇ ಹತ್ತು ಪುಟ ಬರೆದೆ. ಎಲ್ಲಿ ನಿಲ್ಲಬೇಕು, ಕೈ ಹೇಗೆ ಎತ್ತಬೇಕು, ಬಿಸಿಲಿನಲ್ಲಿ ಎಷ್ಟು ನೀರು ಕುಡಿಯಬೇಕು, ಕೋಚ್ ರೇಗಿದರೆ ಯಾವ ಕಡೆ ಮುಖ ಮಾಡಬೇಕು. ಓದಿ ನೋಡಿದೆ. ತಪ್ಪೇನೂ ಇರಲಿಲ್ಲ. ಆದರೆ ನಾನು ಹೇಳಬೇಕಾದದ್ದು ಅದರಲ್ಲಿ ಇರಲಿಲ್ಲ. ಹರಿದು ಹಾಕಿದೆ. ಆಮೇಲಿಂದ ಎರಡು ಸಾಲು ಬರೆಯುವುದು, ಎದ್ದು ಗೇಟಿನವರೆಗೆ ಹೋಗುವುದು, ಮತ್ತೆ ಬಂದು ಕೂರುವುದು, ಇದೇ ಆಗಿದೆ. ನನ್ನ ಹೆಂಡತಿ ಹುಣಸೆಹಣ್ಣು ಬಿಡಿಸುತ್ತಾ, "ಕೂತ್ರೆ ಒಂದ್ಕಡೆ ಕೂತ್ಕೊಳ್ಳಿ, ಇಲ್ಲಾಂದ್ರೆ ಬರೆಯೋದೇ ಬಿಡಿ. ನಿಮ್ಮನ್ನ ನೋಡಿ ನೋಡಿ ನಂಗೆ ತಲೆ ಸುತ್ತುತ್ತೆ" ಎಂದಳು.

ಹೇಳಬೇಕಾದದ್ದು ಇಷ್ಟು. ದಾಬಸ್‌ಪೇಟೆಯ ಒಂದು ಆಟದಲ್ಲಿ ನನ್ನ ಜೊತೆಯ ಅಂಪೈರ್ ಸುನಂದ ನನ್ನ ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದಳು. ನಾನು ಸುಳ್ಳು ಹೇಳಿದೆ. ಅದೇ ಸಂಜೆ ಇನ್ನೊಂದು ಸುಳ್ಳು ಹೇಳಿದೆ. ಅವಳು ಅಂಪೈರ್ ಕೆಲಸ ಬಿಟ್ಟಳು. ಈ ನಾಲ್ಕು ಮಾತನ್ನೇ ಬರೆದುಕೊಟ್ಟರೆ ನಿಮಗೆ ಅದರ ಭಾರ ತಿಳಿಯುವುದಿಲ್ಲ. ಅಂಪೈರುಗಳು ಒಬ್ಬರನ್ನೊಬ್ಬರು ಹೇಗೆ ಕೇಳುತ್ತಾರೆ ಎಂಬುದು ಮೊದಲು ಗೊತ್ತಾಗಬೇಕು. ಅದಕ್ಕೇ ಸ್ವಲ್ಪ ಹಿಂದಿನಿಂದ ಬರುತ್ತೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ದೊಡ್ಡಬಳ್ಳಾಪುರದಲ್ಲಿ ಸೀರೆ ನೇಯುವ ಪವರ್‌ಲೂಮ್ ಶೆಡ್ಡಿನಲ್ಲಿ ಐದು ವರ್ಷ ದುಡಿದೆ. ಆಮೇಲೆ ಒಂದು ಹೈಸ್ಕೂಲಿನಲ್ಲಿ ಮೈದಾನ ನೋಡಿಕೊಳ್ಳುವ ಅಟೆಂಡರ್ ಕೆಲಸ ಸಿಕ್ಕಿತು. ಸುಣ್ಣದ ಪುಡಿಯಲ್ಲಿ ಗೆರೆ ಹಾಕುವುದು, ಚೆಂಡು ಲೆಕ್ಕವಿಡುವುದು, ನೆಟ್ಟು ಕಟ್ಟುವುದು. ಅಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು ರುದ್ರಪ್ಪನವರು. ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸಲು ಶುರುಮಾಡಿದಾಗ ಅವರಿಗೆ ಜೊತೆಗೊಬ್ಬ ಅಂಪೈರ್ ಬೇಕಾಗಿತ್ತು. "ಗೆರೆ ಹಾಕೋನಿಗೆ ಗೆರೆ ದಾಟಿದ್ದು ಗೊತ್ತಾಗಲ್ವೇನೋ?" ಎಂದು ನನ್ನನ್ನೇ ಎಳೆದುಕೊಂಡರು. ನಿಯಮದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ಓದಿದೆ. ಅಂಪೈರ್ ಆಗಿ ನಾನು ಮೂವತ್ತು ವರ್ಷದ ಮೇಲೆ ನಿಂತೆ. ಜಿಲ್ಲೆಯ ನಾಲ್ಕೂ ತಾಲ್ಲೂಕಿನಲ್ಲಿ ನಾನು ಧೂಳು ಕುಡಿಯದ ಮೈದಾನವಿಲ್ಲ.

ನಮ್ಮ ಕಡೆಯ ಆಟಗಳಿಗೆ ಇಬ್ಬರೇ ಅಂಪೈರುಗಳು. ಒಬ್ಬರು ಮಾಸ್ಕ್ ಹಾಕಿಕೊಂಡು ಬ್ಯಾಟ್ ಮಾಡುವವಳ ಹಿಂದೆ ನಿಲ್ಲುತ್ತಾರೆ, ಅವರು ಪ್ಲೇಟ್ ಅಂಪೈರ್. ಇನ್ನೊಬ್ಬರು ಮೈದಾನದ ಒಳಗೆ, ಓಡುವವರು ಒಂದೊಂದಾಗಿ ಮುಟ್ಟಬೇಕಾದ ಬೇಸುಗಳ ಹತ್ತಿರ, ಅವರು ಬೇಸ್ ಅಂಪೈರ್. ಇಬ್ಬರ ನಾಲ್ಕು ಕಣ್ಣಿಗೆ ಇಡೀ ಮೈದಾನ. ಒಬ್ಬರಿಗೆ ಬೆನ್ನು ಕಂಡರೆ ಇನ್ನೊಬ್ಬರಿಗೆ ಮುಖ ಕಾಣುತ್ತದೆ.

ನನ್ನ ಮೊದಲ ವರ್ಷದ ಒಂದು ಬೆಳಗಿನ ಆಟ. ಎರಡನೇ ಬೇಸಿಗೆ ಜಾರಿಕೊಂಡು ಬಂದ ಹುಡುಗಿಯನ್ನು ನಾನು ಔಟ್ ಎಂದೆ. ಚೆಂಡು ಹಿಡಿದವಳ ಗ್ಲೌಸಿನಿಂದ ಅದು ಆಚೆ ಕಡೆಗೆ ಉರುಳಿದ್ದು ನನಗೆ ಕಾಣಲಿಲ್ಲ. ಚೆಂಡು ಕೈಬಿಟ್ಟರೆ ಔಟಿಲ್ಲ. ಪ್ಲೇಟಿನಲ್ಲಿದ್ದ ಮೇಷ್ಟ್ರಿಗೆ ಕಂಡಿತ್ತು. ಅವರು ಮಾಸ್ಕ್ ತೆಗೆದು ಟೋಪಿ ಮುಟ್ಟಿಕೊಂಡರು. ನಾನು ನೋಡಿ ಸುಮ್ಮನಾದೆ. ಆಟ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೇಳಿದರು.

"ಲೇ ಗಂಗ, ನಾನು ಟೋಪಿ ಮುಟ್ಟಿದ್ದು ಯಾಕೆ ಅಂದ್ಕೊಂಡೆ?"

"ಬಿಸಿಲು ಅಂತ ಸಾರ್."

"ಎರಡು ಸಲ ಮುಟ್ಟಿದ್ನಲ್ಲೋ!"

"ಹೇನು ಅಂದ್ಕೊಂಡೆ ಸಾರ್."

ಅವರಿಗೆ ನಗು ಬಂದು ಟೀ ಅಂಗಿಯ ಮೇಲೆ ಚೆಲ್ಲಿತು. ಒರೆಸಿಕೊಳ್ಳುತ್ತಲೇ ಹೇಳಿದರು: "ಕೇಳಿಸ್ಕೋ. ನೀನು ಕೂಗಿದ್ದನ್ನ ನಾನು ಅಲ್ಲಿಂದ್ಲೇ ಬದಲಾಯಿಸಂಗಿಲ್ಲ. ಅದು ನಿಂದು. ನನ್ನ ಹತ್ರ ಏನೋ ಇದೆ ಅಂತ ತೋರಿಸೋಕೆ ಟೋಪಿ ಮುಟ್ತೀನಿ. ನೀನು ಬರ್ಬೇಕು. ಕೋಚು, ಆಟಗಾರರು ಯಾರೂ ಹತ್ರ ಇರಬಾರ್ದು. ನೀನು ಕೇಳ್ಬೇಕು, ನಾನು ಕಂಡಿದ್ದು ಹೇಳ್ಬೇಕು. ಕೇಳಿದ್ ಮೇಲೆ ಮುಚ್ಚಿಡಂಗಿಲ್ಲ. ಬದಲಾಯ್ಸೋದಾದ್ರೆ ನೀನೇ ತಿರುಗಿ ಕೈ ಮಾಡಿ ತೋರಿಸ್ಬೇಕು. ಅಲ್ಲಿ ಮಾತಾಡಿದ್ದನ್ನ ಅಲ್ಲೇ ಬಿಟ್ಟು ಬರಬೇಕು. ಹೆಂಡ್ತಿ ಕೇಳಿದ್ರೂ ಹೇಳ್ಬಾರ್ದು."

"ಏನಂತ ಕೇಳ್ಬೇಕು ಸಾರ್?"

"ಹಾಂ, ಅದು ಮುಖ್ಯ. ಔಟಾ ಸೇಫಾ ಅಂತ ಕೇಳಿದ್ರೆ ನಿನ್ನ ಕೆಲಸ ನನ್ನ ತಲೆಗೆ ಕಟ್ಟಿದಂಗೆ. ಚೆಂಡು ಮೊದಲು ಬಂತಾ ಕಾಲು ಮೊದಲು ಬಂತಾ ಅನ್ನೋದು ಹತ್ರ ನಿಂತಿರೋ ನಿನ್ನ ಪಾಡು. ನಿನಗೆ ಕಾಣದೇ ಇರೋದು ಯಾವುದೋ ಅದೊಂದನ್ನ ಕೇಳು. ಚೆಂಡು ಬಿತ್ತಾ? ಕಾಲು ಬೇಸಿನ ಮೇಲಿತ್ತಾ? ಅಷ್ಟೇ."

ಈ ಮಾತನ್ನು ನೀವು ಎರಡು ಸಲ ಓದಿಕೊಳ್ಳಿ. ನನ್ನ ಸುಳ್ಳು ನಿಂತಿರುವುದು ಇದರ ಮೇಲೆ.

ಬುದ್ಧಿ ಬರಲು ನಮಗೆ ದೇವನಹಳ್ಳಿಯಲ್ಲಿ ಒಂದು ದೊಡ್ಡ ಅವಮಾನವೇ ಆಗಬೇಕಾಯಿತು. ಬಲಗಡೆ ಗೆರೆಯ ಹತ್ತಿರ ಹಾರಿದ ಚೆಂಡನ್ನು ಒಬ್ಬ ಹುಡುಗಿ ನೆಲಕ್ಕೆ ತಾಗುವಷ್ಟರಲ್ಲಿ ಹಿಡಿದಳು. ನಾನು ಮುಷ್ಟಿ ಎತ್ತಿ ಔಟ್ ಎಂದೆ. ಅದೇ ಗಳಿಗೆಯಲ್ಲಿ ಮೇಷ್ಟ್ರು ಎರಡೂ ಕೈ ಅಗಲಿಸಿ ಸೇಫ್ ಎಂದರು. ಮೈದಾನದ ಸುತ್ತ ಸಿಳ್ಳೆ. ಒಬ್ಬ ಕೋಚ್ ಓಡಿ ಬಂದು, "ಏನ್ ಸಾರ್, ನಮ್ಮ ಹುಡುಗಿ ಸೊಂಟದಿಂದ ಮೇಲಕ್ಕೆ ಔಟು, ಕೆಳಗೆ ಸೇಫಾ? ಅರ್ಧ ಕರ್ಕೊಂಡ್ ಹೋಗ್ಲಾ?" ಎಂದ. ನಾವಿಬ್ಬರೂ ಬದಿಗೆ ಹೋಗಿ ನಿಂತೆವು. ಮೇಷ್ಟ್ರು, "ನಾನು ಕೂಗಬಾರದಿತ್ತು, ಚೆಂಡು ನಿನ್ನ ಕಡೆ ಇತ್ತು. ನನಗೆ ಪುಟ ಬಿದ್ದಂಗೆ ಕಾಣ್ತು. ನಿಂಗೆ?" ಎಂದರು. ನನಗೆ ಕೈ ಮಾತ್ರ ಕಂಡಿತ್ತು, ನೆಲ ಕಂಡಿರಲಿಲ್ಲ. ಹಾಗೆಂದು ಒಪ್ಪಿಕೊಂಡೆ. ತಿರುಗಿ ಸೇಫ್ ಎಂದು ಕೈ ಮಾಡಿದೆ. ಇನ್ನೊಂದು ಕಡೆಯ ಕೋಚ್ ಬೈದ. ಆವತ್ತಿನಿಂದ ನಾವು ಆಟಕ್ಕೆ ಮೊದಲು ಯಾವ ಚೆಂಡು ಯಾರದು, ಯಾರು ಎಲ್ಲಿಗೆ ಓಡಬೇಕು ಎಂದು ಮಾತಾಡಿಕೊಂಡೇ ಮೈದಾನಕ್ಕೆ ಇಳಿಯುತ್ತಿದ್ದೆವು. ಈಗ ನಿಮಗೆ ಅದನ್ನು ಮೊದಲ ಪಾಠವಾಗಿ ಹೇಳಿಕೊಡುತ್ತಾರಂತೆ. ಒಳ್ಳೆಯದು.

ಇನ್ನೊಂದು ವಿಷಯ. ಇದನ್ನು ಮೇಷ್ಟ್ರಿಗೂ ಹೇಳಿರಲಿಲ್ಲ. ಪವರ್‌ಲೂಮಿನ ಶಬ್ದದಲ್ಲಿ ನನ್ನ ಎಡಗಿವಿ ಮಂದವಾಗಿತ್ತು. ಮೊದಲನೇ ಬೇಸಿನಲ್ಲಿ ತೀರ್ಪು ಹೇಳುವವನು ಕಣ್ಣನ್ನು ಓಡುವವಳ ಕಾಲಿನ ಮೇಲಿಟ್ಟು, ಗ್ಲೌಸಿಗೆ ಚೆಂಡು ಬಡಿದ ಸದ್ದನ್ನು ಕಿವಿಯಲ್ಲಿ ಹಿಡಿಯಬೇಕು. ಯಾವುದು ಮೊದಲೋ ಅದರ ಮೇಲೆ ತೀರ್ಪು. ನನಗೆ ಎಷ್ಟೋ ಸಲ ಆ ಸದ್ದು ಕೇಳುತ್ತಿರಲಿಲ್ಲ. ಅನುಮಾನ ಬಂದಾಗಲೆಲ್ಲ ಔಟ್ ಎನ್ನುತ್ತಿದ್ದೆ. ಔಟ್ ಎಂದು ಗಟ್ಟಿಯಾಗಿ ಕೂಗಿದರೆ ಜನ ನಂಬುತ್ತಾರೆ. ಗಂಗಾಧರಪ್ಪ ಬಲು ಕಟ್ಟುನಿಟ್ಟಿನ ಅಂಪೈರ್ ಎಂದು ಹೆಸರಾಯಿತು. ಹೆಸರಾದ ಮೇಲೆ ಬೇರೆಯವರನ್ನು ಕೇಳಲು ಕಾಲು ಏಳಲಿಲ್ಲ. ನನ್ನಿಂದ ಎಷ್ಟು ಹುಡುಗಿಯರು ಸುಮ್ಮನೆ ತಲೆ ತಗ್ಗಿಸಿ ಹೊರಗೆ ನಡೆದರೋ ದೇವರಿಗೇ ಗೊತ್ತು.

ರುದ್ರಪ್ಪ ಮೇಷ್ಟ್ರು ನಿವೃತ್ತರಾದ ಮೇಲೆ ನನ್ನ ಜೊತೆಗೆ ಬಂದವಳು ಸುನಂದ. ತ್ಯಾಮಗೊಂಡ್ಲು ಹೋಬಳಿಯ ರೈತರ ಮನೆಯವಳು, ಅಲ್ಲೇ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಆಗ ನಮ್ಮ ಜಿಲ್ಲೆಯಲ್ಲಿ ಈ ಆಟಕ್ಕೆ ಅಂಪೈರ್ ಆಗಿ ನಿಲ್ಲುತ್ತಿದ್ದ ಹೆಂಗಸು ಅವಳೊಬ್ಬಳೇ. ಮೇಷ್ಟ್ರು ನನಗೆ ಹೇಳಿದ್ದನ್ನೆಲ್ಲ ನಾನು ಅವಳಿಗೆ ಹೇಳಿಕೊಟ್ಟೆ, ಟೋಪಿ ಮುಟ್ಟುವುದನ್ನೂ ಸೇರಿಸಿ. ನಾನು ಹೇಳಿಕೊಟ್ಟೆ, ಅವಳು ಪಾಲಿಸಿದಳು. ವ್ಯತ್ಯಾಸ ಅಷ್ಟೇ. ಅನುಮಾನ ಬಂದರೆ ನಾಚಿಕೆ ಇಲ್ಲದೆ ನನ್ನ ಹತ್ತಿರ ನಡೆದು ಬರುತ್ತಿದ್ದಳು. ಕೋಚುಗಳು ಗೇಲಿ ಮಾಡುತ್ತಿದ್ದರು: "ಮೇಡಮ್ಮೋರು ಉಸಿರು ಬಿಡೋಕೂ ಗಂಗಣ್ಣನ ಪರ್ಮಿಷನ್ ಬೇಕು ಕಣಪ್ಪ!"

ಒಂದು ದಿನ ನಾನೇ ಅವಳಿಗೆ ಹೇಳಿದೆ: "ಸ್ವಲ್ಪ ಕಮ್ಮಿ ಮಾಡಮ್ಮ. ಹಿಂಗೆ ಕೇಳ್ತಾ ಇದ್ರೆ ಬೆಲೆ ಕೊಡಲ್ಲ."

"ತಪ್ಪು ಕೂಗ್ಬಿಟ್ಟು ಮನೆಗೆ ಹೋದ್ರೆ ನಂಗೆ ಊಟ ಸೇರಲ್ಲ ಗಂಗಣ್ಣ. ಕೇಳಿ ಬೈಸ್ಕೊಂಡ್ರೆ ಚೆನ್ನಾಗಿ ಸೇರುತ್ತೆ" ಎಂದು ನಕ್ಕಳು.

ನಾಲ್ಕೈದು ವರ್ಷ ಒಟ್ಟಿಗೆ ನಿಂತೆವು. ಆಮೇಲೆ ರಾಜ್ಯದ ಅಂಪೈರ್ ಪಟ್ಟಿಗೆ ಅವಳ ಹೆಸರನ್ನು ಶಿಫಾರಸು ಮಾಡಿದರು. ಆ ಪಟ್ಟಿಗೆ ಸೇರಬೇಕಾದರೆ ಒಬ್ಬ ಪರೀಕ್ಷಕರು ಬಂದು ಎರಡು ಆಟ ಕೂತು ನೋಡಬೇಕು. ಪಾಸಾದರೆ ಹೊರ ರಾಜ್ಯದ ಆಟಗಳಿಗೂ ಕರೆಯುತ್ತಾರೆ. ನನಗೆ ಆ ಪರೀಕ್ಷೆ ಯಾರೂ ಇಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ, ಕಿವಿಯ ಕಾರಣಕ್ಕೆ. ಪರೀಕ್ಷೆ ದಾಬಸ್‌ಪೇಟೆಯ ಒಂದು ಮೈದಾನದಲ್ಲಿ, ಜಿಲ್ಲಾ ಮಟ್ಟದ ಹುಡುಗಿಯರ ಆಟಗಳ ದಿನ. ಬೆಳಿಗ್ಗೆ ಸೆಮಿಫೈನಲ್, ಮಧ್ಯಾಹ್ನ ಫೈನಲ್. ಎರಡಕ್ಕೂ ನಾವಿಬ್ಬರೇ.

ಬೆಳಿಗ್ಗೆ ಅವಳು ಪ್ಲೇಟಿನಲ್ಲಿ, ನಾನು ಬೇಸಿನಲ್ಲಿ. ಮೂರನೇ ಇನ್ನಿಂಗ್ಸಿನಲ್ಲಿ ಎರಡನೇ ಬೇಸಿನ ಹತ್ತಿರ ಒಬ್ಬ ಹುಡುಗಿಯನ್ನು ಔಟ್ ಎಂದೆ. ಸುನಂದ ಮಾಸ್ಕ್ ತೆಗೆದು ಟೋಪಿ ಮುಟ್ಟಿದಳು. ಕಂಡರೂ ಕಾಣದವನಂತೆ ನಾನು ಶೂಗೆ ಅಂಟಿದ ಮಣ್ಣು ಕೆರೆದೆ. ಇನ್ನೊಂದು ಸಲ ಮುಟ್ಟಿದಳು. ಶಾಮಿಯಾನದ ಕೆಳಗಿದ್ದ ಪರೀಕ್ಷಕರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಇನ್ನು ಹೋಗದೆ ವಿಧಿಯಿರಲಿಲ್ಲ. ಹತ್ತಿರ ಹೋಗಿ, "ಏನು?" ಎಂದೆ. "ಚೆಂಡು ಬಿತ್ತು ಅಣ್ಣ. ಹಿಡಿದೋಳ ಮೊಣಕಾಲ ಹಿಂದೆ ಎರಡು ಅಡಿ ಹೋಯ್ತು" ಎಂದಳು. ಮೆಲ್ಲಗೆ, ಯಾರಿಗೂ ಕೇಳದಂತೆ. ನಾನು ತಿರುಗಿ ಸೇಫ್ ಎಂದು ಕೈ ಮಾಡಿದೆ. ಸುತ್ತಲಿದ್ದವರು ಚಪ್ಪಾಳೆ ಹೊಡೆದರು. ಚಪ್ಪಾಳೆ ನನಗಲ್ಲ ಎಂದು ನನಗೆ ಗೊತ್ತಿತ್ತು. ಪರೀಕ್ಷಕರು ಏನೋ ಬರೆದುಕೊಂಡರು. ಯಾರೋ ಹಿಂದಿನಿಂದ, "ಗುರುಗೇ ಪಾಠ ಹೇಳಿದ್ಲು ನೋಡ್ಲಾ" ಎಂದ. ಆ ಮಾತು ಮಂದ ಕಿವಿಗೂ ಚೆನ್ನಾಗಿ ಕೇಳಿತು.

ಊಟದ ಹೊತ್ತಿನಲ್ಲಿ ಅವಳು ನನ್ನ ಪಕ್ಕದಲ್ಲಿ ಬಂದು ಕೂತಳು. "ಬೇಜಾರಾಯ್ತಾ ಅಣ್ಣ?" ಎಂದಳು. "ಛೇ, ಏನ್ ಬೇಜಾರು? ಅದು ಕೆಲಸ" ಎಂದೆ. ಚಿತ್ರಾನ್ನ ಅರ್ಧಕ್ಕೇ ಬಿಟ್ಟೆ. ಎದ್ದು ಮೈದಾನದ ಸುತ್ತ ಮೂರು ಸುತ್ತು ಹಾಕಿದೆ.

ಫೈನಲಿನಲ್ಲಿ ನಾನು ಪ್ಲೇಟಿಗೆ, ಅವಳು ಬೇಸಿಗೆ. ಬಿಳಿ ಜರ್ಸಿಯವರು ಒಂದು ರನ್ ಮುಂದಿದ್ದರು. ಹಸಿರು ಜರ್ಸಿಯವರ ಕೊನೆಯ ಇನ್ನಿಂಗ್ಸ್, ಇಬ್ಬರು ಔಟಾಗಿದ್ದರು, ಮೂರನೇ ಬೇಸಿನಲ್ಲಿ ಒಬ್ಬಳು ಕಾಯುತ್ತಿದ್ದಳು. ಬ್ಯಾಟ್ ಮಾಡುತ್ತಿದ್ದವಳು ಸಣ್ಣ ಜಡೆಯ ಒಬ್ಬ ಕಪ್ಪು ಹುಡುಗಿ. ಚೆಂಡನ್ನು ನೆಲದ ಮೇಲೆ ಹೊಡೆದು ಮೊದಲನೇ ಬೇಸಿಗೆ ಓಡಿದಳು. ಬಿಳಿ ಜರ್ಸಿಯವಳೊಬ್ಬಳು ಚೆಂಡೆತ್ತಿ ಮೊದಲನೇ ಬೇಸಿಗೆ ಎಸೆದಳು. ಎಸೆತ ಸ್ವಲ್ಪ ಒಳಕ್ಕೆ ಬಂತು. ಬೇಸಿನ ಮೇಲೆ ಕಾಲಿಟ್ಟು ನಿಂತಿದ್ದವಳು ಮೈ ಚಾಚಿ ಹಿಡಿದಳು. ಚೆಂಡು ಮೊದಲು ಬಂತು, ನಿಜ. ಆದರೆ ಹಿಡಿಯುವವಳ ಕಾಲು ಆ ಹೊತ್ತಿಗೆ ಬೇಸಿನ ಮೇಲಿರಲೇಬೇಕು. ಇಲ್ಲದಿದ್ದರೆ ಚೆಂಡು ಎಷ್ಟು ಬೇಗ ಬಂದರೂ ಔಟಿಲ್ಲ.

ಸುನಂದ ಔಟ್ ಎಂದಳು. ಅವಳು ಮೈದಾನದ ಒಳಗಡೆಯಿಂದ ನೋಡುತ್ತಿದ್ದಳು. ಮೈ ಚಾಚಿದ ಹುಡುಗಿಯ ದೇಹವೇ ಹಿಂದಿನ ಕಾಲನ್ನು ಮರೆಮಾಡಿತ್ತು. ನಾನು ಪ್ಲೇಟಿನಿಂದ ಗೆರೆಯ ನೇರಕ್ಕೆ ನೋಡುತ್ತಿದ್ದೆ. ಕಾಲಿಗೂ ಬೇಸಿಗೂ ಮಧ್ಯೆ ಕೆಂಪು ಮಣ್ಣು ಕಾಣುತ್ತಿತ್ತು. ಸುಮಾರು ನಾಲ್ಕು ಬೆರಳು. ಸೇಫ್ ಎಂದರೆ ಸ್ಕೋರು ಸಮನಾಗಿ ಆಟ ಮುಂದುವರಿಯಬೇಕು. ಔಟ್ ಎಂದರೆ ಆಟ ಮುಗಿಯಿತು.

ನಾನು ಟೋಪಿ ಮುಟ್ಟಬೇಕಾಗಿತ್ತು. ಮುಟ್ಟಲಿಲ್ಲ. ಬೇಕೆಂದೇ ಮಾಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಹಸಿರು ತಂಡದ ಕೋಚ್ ಓಡಿ ಬಂದ. "ಮೇಡಂ, ಕಾಲು ಎತ್ತಿದ್ಲು, ಗಂಗಣ್ಣನ್ನ ಕೇಳಿ" ಎಂದು ಅಂಗಲಾಚಿದ. ಸುನಂದ ಅವನನ್ನು ಅಲ್ಲೇ ನಿಲ್ಲಿಸಿ ನನ್ನ ಕಡೆ ನಡೆದು ಬಂದಳು. ಇಬ್ಬರೂ ಬದಿಗೆ ಹೋಗಿ ಎಲ್ಲರಿಗೂ ಬೆನ್ನು ಮಾಡಿ ನಿಂತೆವು.

"ಗಂಗಣ್ಣ, ಚೆಂಡು ಮೊದಲು ಬಂದಿದ್ದು ನಂಗೆ ಗ್ಯಾರಂಟಿ. ಕಾಲು ಕಾಣ್ಲಿಲ್ಲ. ಬೇಸಿನ ಮೇಲಿತ್ತಾ?"

ಇದಕ್ಕಿಂತ ಸರಿಯಾಗಿ ಯಾರೂ ಕೇಳಲಾರರು. ನಾನು ಅವಳ ಮುಖ ನೋಡಲಿಲ್ಲ. "ನಂಗೂ ಕಾಣ್ಲಿಲ್ಲಮ್ಮ. ಓಡೋಳು ಅಡ್ಡ ಬಂದ್ಲು" ಎಂದೆ.

"ಸರಿ ಅಣ್ಣ" ಎಂದಳು. ತಿರುಗಿ ಮತ್ತೆ ಔಟ್ ಎಂದು ಮುಷ್ಟಿ ಎತ್ತಿದಳು. ಸಣ್ಣ ಜಡೆಯ ಹುಡುಗಿ ಬೇಸಿನ ಮೇಲೆಯೇ ಕುಕ್ಕರಿಸಿ ಕೂತುಬಿಟ್ಟಳು. ಗೆಳತಿಯರು ಬಂದು ಎತ್ತಿಕೊಂಡು ಹೋದರು.

ಅಷ್ಟಕ್ಕೇ ಮುಗಿಯಿತು ಎಂದುಕೊಂಡೆ. ನಮ್ಮ ಕಾಲದಲ್ಲಿ ಹಾಗೇ ಮುಗಿಯುತ್ತಿತ್ತು. ಈಗ ಪ್ರತಿಯೊಬ್ಬ ತಾಯಿ ತಂದೆಯ ಕೈಯಲ್ಲೂ ಮೊಬೈಲು. ಬಹುಮಾನ ಕೊಡುವುದು ಮುಗಿಯುವಷ್ಟರಲ್ಲಿ ಒಬ್ಬ ತಾಯಿ ತೆಗೆದಿದ್ದ ವಿಡಿಯೋ ವಾಟ್ಸಾಪಿನಲ್ಲಿ ಎಲ್ಲರ ಕೈಗೂ ಬಂದಿತ್ತು. ಆ ವಿಡಿಯೋ ನೋಡಿ ತೀರ್ಪು ಬದಲಿಸುವ ನಿಯಮ ನಮ್ಮ ಆಟಗಳಿಗೆ ಇರಲಿಲ್ಲ. ಆದರೆ ಪರೀಕ್ಷಕರು ನೋಡಿದರು. ಕಾಲು ಬೇಸಿನಿಂದ ಬಿಟ್ಟಿತ್ತು, ಅನುಮಾನವೇ ಇಲ್ಲ. ಶಾಮಿಯಾನದ ಕೆಳಗೆ ನಮ್ಮಿಬ್ಬರನ್ನೂ ಕರೆದರು. ನನ್ನ ಕೈಯಲ್ಲಿ ಕಾಫಿ ಲೋಟ ಇತ್ತು.

"ಪಾರ್ಟ್‌ನರ್‌ನ ಕೇಳಿದ್ರೇನಮ್ಮ?"

"ಕೇಳಿದೆ ಸಾರ್."

"ಏನಂತ ಕೇಳಿದ್ರಿ?"

ಸುನಂದ ನನ್ನ ಕಡೆ ನೋಡಿದಳು. ಅಲ್ಲಿ ಮಾತಾಡಿದ್ದನ್ನು ಹೊರಗೆ ಹೇಳಬಾರದು ಎಂದು ಅವಳಿಗೆ ಕಲಿಸಿದವನು ನಾನೇ. "ಅದು ನಮ್ಮಿಬ್ಬರ ನಡುವಿನ ಮಾತು ಸಾರ್. ಗಂಗಣ್ಣ ಹೇಳ್ಲಿ ಅಂದ್ರೆ ಹೇಳ್ಲಿ" ಎಂದಳು.

ಪರೀಕ್ಷಕರು ನನ್ನ ಕಡೆ ತಿರುಗಿದರು. ನಿಜ ಹೇಳಿದರೆ ಕಾಲು ಕಂಡಿತ್ತೇ ಎಂಬ ಪ್ರಶ್ನೆ ಬರುತ್ತದೆ. ಪ್ಲೇಟಿನಿಂದ ಅದು ಕಾಣದೇ ಇರಲು ಸಾಧ್ಯವಿಲ್ಲ ಎಂದು ವಿಡಿಯೋ ನೋಡಿದ ಯಾರಿಗಾದರೂ ಗೊತ್ತಾಗುತ್ತದೆ. ಬೆಳಗಿನ ಕೋಪ ನನ್ನಲ್ಲಿ ಇನ್ನೂ ಕುದಿಯುತ್ತಿತ್ತು. ಆ ಕೋಪದಲ್ಲಿ ಬಾಯಿಂದ ಬಂದುಬಿಟ್ಟಿತು: "ಚೆಂಡು ಮೊದಲಾ ಕಾಲು ಮೊದಲಾ ಅಂತ ಕೇಳಿದ್ರು ಸಾರ್. ಅದು ಅವರ ತೀರ್ಪು, ನಂದಲ್ಲ. ಬೇಸಿನ ಮೇಲೆ ಕಾಲಿತ್ತಾ ಅಂತ ಕೇಳಿದ್ರೆ ಹೇಳ್ತಿದ್ದೆ."

ಇಷ್ಟೇ ಸಾಕಾಗಿತ್ತು. ತಪ್ಪು ಕೂಗುವುದು ಯಾರಿಗಾದರೂ ಆಗುತ್ತದೆ, ಪರೀಕ್ಷಕರು ಅದನ್ನು ಮನ್ನಿಸುತ್ತಾರೆ. ಏನು ಕೇಳಬೇಕೆಂದು ತಿಳಿಯದವರನ್ನು ಮನ್ನಿಸುವುದಿಲ್ಲ. ಅವರು ಬರೆದುಕೊಂಡರು. ಸುನಂದ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ನಾನು ಅವಳಿಗೂ ಬಸ್ಸಿಗೂ ಕಾಯದೆ ಸಿಕ್ಕ ಟೆಂಪೋ ಹತ್ತಿ ಹೊರಟೆ.

ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಒಂದು ವರ್ಷ ಅಂಪೈರಾಗಿ ನಿಂತಳು. ಬೇರೆಯವರ ಜೊತೆ, ನನ್ನ ಜೊತೆಯಲ್ಲ. ಆಮೇಲೆ ಬಿಟ್ಟಳು. ಅವಳ ಬಗ್ಗೆ ಯಾರಾದರೂ ಕೇಳಿದರೆ, "ಶಾಲೆ ಕೆಲಸ ಜಾಸ್ತಿ ಆಯ್ತಂತೆ" ಎನ್ನುತ್ತಿದ್ದೆ. ಇದು ಮೂರನೇ ಸುಳ್ಳು, ಲೆಕ್ಕವಿಲ್ಲದಷ್ಟು ಸಲ ಹೇಳಿದ್ದು.

ಒಂಬತ್ತು ವರ್ಷವಾಯಿತು. ನಾನು ನಿವೃತ್ತನಾದೆ. ಈ ಬರವಣಿಗೆಯ ಫೋನ್ ಬಂದ ಮೇಲೆ ಅವಳಿಗೆ ಹೇಳದೆ ಬೇರೆ ಯಾರಿಗೂ ಹೇಳಬಾರದು ಅನ್ನಿಸಿತು. ಮೊದಲ ಸಲ ನೆಲಮಂಗಲದವರೆಗೆ ಹೋದೆ. ಅಲ್ಲಿ ತ್ಯಾಮಗೊಂಡ್ಲು ಬಸ್ಸು ನಿಂತಿತ್ತು. ಹತ್ತಿದೆ, ಕಂಡಕ್ಟರ್ ಬರುವ ಮೊದಲೇ ಇಳಿದೆ. ಎರಡನೇ ಸಲ ಅವಳ ಶಾಲೆಯ ಗೇಟಿನವರೆಗೆ ಹೋದೆ. ಒಳಗಿನಿಂದ ಅವಳ ವಿಷಲ್ ಕೇಳಿತು. ವಾಪಸು ಬಂದುಬಿಟ್ಟೆ. ಮನೆಯಲ್ಲಿ, "ಎಲ್ಲಿಗೆ ಹೋಗಿದ್ರಿ?" ಎಂದರೆ, "ಸುಮ್ನೆ" ಎಂದೆ. ಮೂರನೇ ಸಲ ಒಳಗೆ ಹೋದೆ.

ಅವಳು ಉದ್ದ ಜಿಗಿತದ ಮರಳು ಸಮ ಮಾಡಿಸುತ್ತಿದ್ದಳು. ಕೂದಲಿಗೆ ಬಿಳಿ ಬಂದಿದೆ. ನನ್ನನ್ನು ನೋಡಿ, "ಅಯ್ಯೋ, ಗಂಗಣ್ಣ! ಏನು ಇಷ್ಟು ದೂರ? ಯಾರ್ದಾದ್ರೂ ಮದುವೇನಾ?" ಎಂದು ಕುರ್ಚಿ ತರಿಸಿದಳು.

"ಕೂತ್ಕೊಳ್ಳಿ."

"ಕೂತ್ರೆ ಹೇಳಕ್ಕಾಗಲ್ಲಮ್ಮ. ಅವತ್ತು ದಾಬಸ್‌ಪೇಟೇಲಿ ನೀನು ಕಾಲಿನ ವಿಷಯಾನೇ ಕೇಳಿದ್ದು. ಸರಿಯಾಗೇ ಕೇಳಿದ್ದೆ. ನಾನು ಪರೀಕ್ಷಕರಿಗೆ ಸುಳ್ಳು ಹೇಳ್ದೆ."

ಮರಳು ಸಮ ಮಾಡುತ್ತಿದ್ದ ಮಕ್ಕಳನ್ನು ಅವಳು ಕ್ಲಾಸಿಗೆ ಕಳಿಸಿದಳು.

"ಇನ್ನೊಂದಿದೆ. ಕಾಲು ನಂಗೆ ಕಂಡಿತ್ತು. ಬಿಟ್ಟಿತ್ತು."

"ಎಷ್ಟು?" ಎಂದಳು.

ನಾನು ನಾಲ್ಕು ಬೆರಳು ತೋರಿಸಿದೆ.

"ನಾಲ್ಕಾ? ವಿಡಿಯೋದಲ್ಲಿ ಎರಡರ ಥರ ಇತ್ತು."

"ನಾಲ್ಕು."

ಅವಳು ಮರಳಿನ ಕಡೆ ತಿರುಗಿದಳು. "ಹಂಗಾದ್ರೆ ನಾನು ಕೂಗಿದ್ದು ತಪ್ಪು. ಕೇಳಿದ್ದು ಸರಿ" ಎಂದಳು. ಇನ್ನೊಂದು ಸಲ, ತನಗೇ ಹೇಳಿಕೊಳ್ಳುವಂತೆ, "ಕೇಳಿದ್ದು ಸರಿ" ಎಂದಳು. ಆಮೇಲೆ ನನ್ನನ್ನು ನೋಡಿದಳು.

"ನೀವು ಸುಳ್ಳು ಹೇಳ್ತೀರ ಅಂತ ನಂಗೆ ತೋಚಲೇ ಇಲ್ಲ ಗಂಗಣ್ಣ. ನಾನೇ ತಪ್ಪು ಕೇಳಿದೆ, ಕಾಣ್ಲಿಲ್ಲ ಅಂತ ನೀವಂದಿದ್ದೂ ಅದಕ್ಕೇ ಅಂದ್ಕೊಂಡೆ. ಕಾಲು ಬೇಸಿನ ಮೇಲಿತ್ತಾ ಅಂದ್ನಾ, ಕಾಲು ಮೊದಲಾ ಅಂದ್ನಾ? ಬಸ್ಸಲ್ಲಿ, ಅಡುಗೆ ಮಾಡುವಾಗ, ಪ್ರೇಯರ್‌ನಲ್ಲಿ, ಎಲ್ಲಾ ಕಡೆ ಅದೇ. ಆಮೇಲೆ ಯಾವ ಆಟದಲ್ಲಿ ಕೈ ಎತ್ತಿದ್ರೂ, ನಾನು ನೋಡಿದ್ದು ನೋಡಿದ್ದೇನಾ ಅನ್ಸೋದು. ಅದಕ್ಕೇ ಬಿಟ್ಟೆ."

ನಾನು ಪಟ್ಟಿಯಿಂದ ಅವಳ ಹೆಸರು ತಪ್ಪಿಸಿದೆ ಎಂದುಕೊಂಡು ಹೋಗಿದ್ದೆ. ಅವಳ ಕಣ್ಣಿನ ಮೇಲೆ ಅವಳಿಗಿದ್ದ ನಂಬಿಕೆಯನ್ನೇ ತೆಗೆದಿದ್ದೆ ಎಂಬುದು ಅಲ್ಲಿ ಗೊತ್ತಾಯಿತು. "ಕ್ಷಮಿಸ್ಬಿಡಮ್ಮ" ಎಂದೆ.

"ಅದನ್ನ ಆಮೇಲೆ ನೋಡೋಣ. ಹೊಸಬರಿಗೆ ಏನೋ ಬರೀತಾ ಇದ್ದೀರಂತಲ್ಲ, ವಾಟ್ಸಾಪ್ ಗ್ರೂಪಲ್ಲಿ ನೋಡ್ದೆ. ಅದ್ರಲ್ಲಿ ಬರೀರಿ. ಸುನಂದ ಅಂತ ನನ್ನ ಹೆಸರೇ ಹಾಕಿ. ಬರೆದು ಮೊದಲು ನಂಗೆ ತೋರಿಸಿ" ಎಂದಳು. ನನಗೆ ಕಾಫಿ ತರಿಸಿದಳು. ತಾನು ಕುಡಿಯಲಿಲ್ಲ.

ರಾಜ್ಯದ ಪಟ್ಟಿ ಮಾಡುವವರಿಗೂ ಒಂದು ಕಾಗದ ಹಾಕಿದ್ದೇನೆ. ಅದರಿಂದ ಈಗ ಏನಾಗುತ್ತದೋ ಗೊತ್ತಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಹೋದ ಶನಿವಾರ ಅವಳಿಗೆ ಕೊಟ್ಟೆ. ಸ್ಟಾಫ್ ರೂಮಿನಲ್ಲಿ ಕೂತು ಪೂರ್ತಿ ಓದಿದಳು. ನಾನು ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದೆ. ತನ್ನ ಬಗ್ಗೆ ಬರೆದಿದ್ದ ಯಾವ ಮಾತನ್ನೂ ತಿದ್ದಲಿಲ್ಲ. ಪರೀಕ್ಷಕರ ಮುಂದೆ ನಾನು ಸುಳ್ಳು ಹೇಳಿದ ಜಾಗಕ್ಕೆ ಬಂದು ಬೆರಳಿಟ್ಟಳು.

"ಇದು ಹಿಂಗಿರಲಿಲ್ಲ ಗಂಗಣ್ಣ."

"ಯಾವುದಮ್ಮ?"

"ಕೋಪ ಕುದೀತಿತ್ತು ಅಂತ ಬರ್ದಿದ್ದೀರಲ್ಲ. ನಾನು ನಿಮ್ಮ ಎದುರಿಗೇ ನಿಂತಿದ್ದೆ. ಕೋಪ ಇರಲಿಲ್ಲ. ಕಾಫಿ ಲೋಟ ಹಿಡ್ಕೊಂಡು ಪರೀಕ್ಷಕರ ಮುಖ ನೋಡ್ಕೊಂಡು ನೀವು ನಗ್ತಾ ಇದ್ರಿ."

ಇಲ್ಲ ಎನ್ನಲು ಬಾಯಿ ತೆರೆದೆ. ನನಗೆ ಆ ನಗು ನೆನಪಿಲ್ಲ. ಒಂಬತ್ತು ವರ್ಷವೂ ಕೋಪವೆಂದೇ ನನಗೆ ನಾನು ಹೇಳಿಕೊಂಡು ಬಂದಿದ್ದೇನೆ. ಆದರೆ ನನ್ನ ಮುಖ ನನಗೆ ಕಾಣುವಂತಿರಲಿಲ್ಲ, ಅವಳಿಗೆ ಕಾಣುತ್ತಿತ್ತು.

ಮೇಲೆ ಬರೆದ ಸಾಲನ್ನು ಅಳಿಸುತ್ತಿಲ್ಲ. ನಾನು ಮೊದಲು ಏನೆಂದು ಕೂಗಿದೆ ಎಂಬುದೂ ನಿಮಗೆ ತಿಳಿದಿರಲಿ. ಈಗ ಬದಲಿಸುತ್ತಿದ್ದೇನೆ. ಅದು ಕೋಪವಾಗಿರಲಿಲ್ಲ. ನಾನು ನಗುತ್ತಿದ್ದೆ.